ಡಾಸ್ ಕಮಾಂಡ್ ಮರೆತಾಗ ಡಾಸನ್ನೇ ಕೇಳಿ

ಮೈಕ್ರೋಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಮ್ ಎಮ್ಮೆಸ್-ಡಾಸ್‌ನಲ್ಲಿ ಕ್ಲಿಕ್ ಮಾಡಲು ಏನೂ ಇಲ್ಲ. ಕಮಾಂಡ್ ಗೊತ್ತಿದ್ದರೆ ಕೆಲಸ, ಇಲ್ಲದಿದ್ದರೆ ಮಿನುಗುವ ಕರ್ಸರ್. ಆದರೆ 1991ರಲ್ಲಿ ಬಂದ 5.0 ಆವೃತ್ತಿಯಿಂದ ಈಚೆಗೆ ದಪ್ಪ ಕೈಪಿಡಿ ತಿರುವಿಹಾಕುವ ಅಗತ್ಯ ಅಷ್ಟಾಗಿ ಇಲ್ಲ.

ಮೊದಲು, ಕಮಾಂಡ್‌ನ ಮುಂದೆ /? ಸೇರಿಸಿ ಎಂಟರ್ ಒತ್ತಿ. ಉದಾಹರಣೆಗೆ, ಫಾರ್ಮ್ಯಾಟ್ /?. ಇದು ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವ ಕಮಾಂಡ್, ಆದರೆ ಹೆದರಬೇಡಿ, /? ಇದ್ದಾಗ ಡಿಸ್ಕ್‌ಗೆ ಏನೂ ಆಗುವುದಿಲ್ಲ, ವಿವರಣೆಯಷ್ಟೇ ಬರುತ್ತದೆ. ಅದರಲ್ಲಿ ಇಂಥದೊಂದು ಸಾಲು ಕಾಣುತ್ತದೆ:

ಫಾರ್ಮ್ಯಾಟ್ ಡ್ರೈವ್: [/ಕ್ಯೂ] [/ಯು] [/ಬಿ | /ಎಸ್]

ಹೊಸಬರು ಎಡವುವುದು ಇಲ್ಲೇ. ಚೌಕ ಆವರಣದೊಳಗಿನದು ಬೇಕಿದ್ದರೆ ಮಾತ್ರ. ಆವರಣದ ಗುರುತನ್ನು ಟೈಪ್ ಮಾಡಬಾರದು. ಆವರಣವಿಲ್ಲದ 'ಡ್ರೈವ್:' ಕಡ್ಡಾಯ, ಅದರ ಜಾಗದಲ್ಲಿ ಎ: ಎಂಬಂತೆ ನಿಮ್ಮ ಡ್ರೈವ್‌ನ ಅಕ್ಷರ ಬರೆಯಬೇಕು. ನಡುವಿನ ಲಂಬಗೆರೆ ಎಂದರೆ ಎರಡರಲ್ಲಿ ಒಂದು: /ಎಸ್ ಸಿಸ್ಟಮ್ ಫೈಲ್‌ಗಳನ್ನು ನಕಲು ಮಾಡುತ್ತದೆ, /ಬಿ ಅವಕ್ಕೆ ಜಾಗವನ್ನಷ್ಟೇ ಕಾದಿರಿಸುತ್ತದೆ. ಈ ಮೂರು ನಿಯಮ ತಿಳಿದರೆ ಯಾವ ಕಮಾಂಡ್‌ನ ಸಾಲನ್ನಾದರೂ ಓದಬಹುದು.

ಕಮಾಂಡ್‌ನ ಹೆಸರೇ ನೆನಪಿಲ್ಲವೇ? 5.0ರಲ್ಲಿ ಬರೀ ಹೆಲ್ಪ್ ಎಂದರೆ ಒಂದೊಂದು ಸಾಲಿನ ಪಟ್ಟಿ ಸಿಗುತ್ತದೆ. 1993ರ 6.0ರಲ್ಲಿ ಅದೇ ಪಟ್ಟಿ ಫಾಸ್ಟ್‌ಹೆಲ್ಪ್ ಎಂಬ ಹೆಸರಿಗೆ ಹೋಯಿತು. ಹೆಲ್ಪ್ ಎಂದರೆ ಪೂರ್ತಿ ಪರದೆಯ ಕೈಪಿಡಿಯೇ ತೆರೆದುಕೊಳ್ಳುತ್ತದೆ: ಟ್ಯಾಬ್‌ನಿಂದ ಕೊಂಡಿ ಆರಿಸಿ ಎಂಟರ್ ಒತ್ತಿ, ಹಿಂದೆ ಬರಲು ಆಲ್ಟ್+ಬಿ, ಪರಿವಿಡಿಗೆ ಆಲ್ಟ್+ಸಿ. ನನ್ನನ್ನು ಕೇಳಿದರೆ ಅದರ ನಿಜವಾದ ಬೆಲೆ ಇರುವುದು ಉದಾಹರಣೆಗಳ ಪುಟದಲ್ಲಿ. ಆದರೆ ಈ ಕೈಪಿಡಿ ಓಡುವುದು ಡಾಸ್ ಜೊತೆಗೇ ಬರುವ ಕ್ಯೂಬೇಸಿಕ್ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದ ಬೆನ್ನೇರಿ. ಜಾಗ ಉಳಿಸಲೆಂದು ಆ ಫೈಲ್ ಅಳಿಸಿದರೆ ಹೆಲ್ಪ್ ಜೊತೆಗೆ ಪಠ್ಯ ತಿದ್ದುವ ಎಡಿಟ್ ಕೂಡ ನಿಲ್ಲುತ್ತದೆ.

/? ಹಾಗಲ್ಲ, ಅದರ ಉತ್ತರ ಕಮಾಂಡ್‌ನೊಳಗೇ ಇರುತ್ತದೆ. ಹಾಗಾಗಿ, ಫೈಲ್‌ಗಳನ್ನು ನಕಲು ಮಾಡುವ ಎಕ್ಸ್‌ಕಾಪಿಗೆ ಎಕ್ಸ್‌ಕಾಪಿ /? ಎಂದಾಗ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಎಂದು ಬಂದರೆ ಸಹಾಯವಷ್ಟೇ ಅಲ್ಲ, ಆ ಪ್ರೋಗ್ರಾಂ ಫೈಲೇ ಡಾಸ್‌ಗೆ ಸಿಗುತ್ತಿಲ್ಲ. ಪಾತ್, ಅಂದರೆ ಡಾಸ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿ, ಸರಿಯಿದೆಯೇ ನೋಡಿ. ಡಿಐಆರ್, ಕಾಪಿಯಂಥವು ನೀವು ಟೈಪಿಸಿದ ಕಮಾಂಡ್‌ಗಳನ್ನು ಓದಿ ನಡೆಸುವ ಕಮಾಂಡ್.ಕಾಮ್‌ನೊಳಗೇ ಇರುವುದರಿಂದ ಅವಕ್ಕೆ ಈ ತೊಂದರೆ ಇಲ್ಲ.

ವಿವರ ಪರದೆ ದಾಟಿ ಓಡಿದರೆ ಕೊನೆಯಲ್ಲಿ | ಮೋರ್ ಸೇರಿಸಿ. ಪ್ರಿಂಟರ್ ಇದ್ದರೆ > ಪಿಆರ್‌ಎನ್ (ಡಾಸ್‌ನಲ್ಲಿ ಪ್ರಿಂಟರಿನ ಹೆಸರು) ಎಂದು ಬರೆದು ಕಾಗದಕ್ಕೇ ಇಳಿಸಿಕೊಳ್ಳಬಹುದು.