ಓದಿದ ಹೊಸ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯುವ ಬಗೆ

ಮಂಡ್ಯದಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಕೂಡಿ, ಈಚೆಗೆ ಓದಿದ ಪುಸ್ತಕಗಳ ಬಗ್ಗೆ ಬರೆದು ತಂದದ್ದನ್ನು ಓದುತ್ತೇವೆ. ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಕಥಾಸಾರವನ್ನು ಬರೆದು, ಕೊನೆಗೆ ‘ಎಲ್ಲರೂ ಓದಲೇಬೇಕಾದ ಕೃತಿ’ ಎಂದು ಮುಗಿಸುತ್ತಾರೆ. ಇದರಿಂದ ಪುಸ್ತಕದ ಬಗ್ಗೆಯಾಗಲಿ, ಓದಿದವರ ಬಗ್ಗೆಯಾಗಲಿ ಕೇಳುಗರಿಗೆ ಏನೂ ತಿಳಿಯುವುದಿಲ್ಲ. ಓದುತ್ತ ಓದುತ್ತ ಎಲ್ಲಿ ತಡೆದು ನಿಂತಿರಿ, ಏಕೆ ನಿಂತಿರಿ ಎಂಬುದನ್ನು ಬರೆಯಿರಿ. ಅದಕ್ಕಾಗಿ ಓದುವಾಗಲೇ ಪುಟಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಗ್ರಂಥಾಲಯದ ಪ್ರತಿಯಾದರೆ ಅದರಲ್ಲಿ ಗೆರೆ ಎಳೆಯದೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಾದಂಬರಿಯನ್ನೇ ನೋಡಿ. ಬೆಂಗಳೂರಿನ ಒಂದು ಕುಟುಂಬಕ್ಕೆ ಇದ್ದಕ್ಕಿದ್ದಂತೆ ಹಣ ಬಂದ ಕತೆ ಎಂದರೆ ಅದು ಸಾರಾಂಶವಾಯಿತು. ನಾನು ತಡೆದು ನಿಂತದ್ದು ಹಳೆಯ ಮನೆಯ ಇರುವೆಗಳ ಪ್ರಸಂಗದಲ್ಲಿ. ಮನೆಗೆ ನುಗ್ಗುವ ಇರುವೆಗಳನ್ನು ಹೊಸಕಿ ಕೊಲ್ಲುವುದು ಮನೆಯವರಿಗೆ ಮೊದಮೊದಲು ಅನಿವಾರ್ಯವಾಗಿ, ಬರಬರುತ್ತ ರೂಢಿಯಾಗುತ್ತದೆ. ನಿರೂಪಕನ ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಅದೇ ಮನೆಯ ಹೆಂಗಸರು ಮಾತಿನಲ್ಲೇ ಹೊಸಕಿ ಓಡಿಸುವ ಪ್ರಸಂಗಕ್ಕೂ ಆ ಇರುವೆಗಳಿಗೂ ನಂಟು ಇದೆ ಎಂದು ನನಗೆ ಅನಿಸಿತು. ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ಬರೆದರೆ, ಕ್ರೌರ್ಯ ಆ ಮನೆಗೆ ಹಣದ ಜೊತೆ ಬಂದದ್ದೋ ಮೊದಲೇ ಇದ್ದದ್ದೋ ಎಂಬ ನಿಜವಾದ ಚರ್ಚೆ ಆರಂಭವಾಗುತ್ತದೆ. ಮೊದಲೇ ಇತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂತ್ಯವನ್ನು ಮಾತ್ರ ಬಿಟ್ಟುಕೊಡಬೇಡಿ.

ಕಥೆಯಲ್ಲದ ಬರಹಕ್ಕೆ ಇನ್ನೊಂದು ಎಚ್ಚರ ಬೇಕು. ಲೇಖಕರು ಹೇಳುವ ಸಂಗತಿಗಳಲ್ಲಿ ನಿಮ್ಮ ಊರಿಗೆ ಸಂಬಂಧಿಸಿದ ಒಂದನ್ನಾದರೂ ಸ್ವತಃ ಪರೀಕ್ಷಿಸಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಲಸವನ್ನು ಆರಂಭಿಸಿದರು ಎಂದು ಯಾರಾದರೂ ಬರೆದಿದ್ದರೆ, ವರ್ಷಗಳನ್ನು ಹೋಲಿಸಿ ನೋಡಬೇಕು: ಕೆಲಸ ಆರಂಭವಾದದ್ದು 1911ರಲ್ಲಿ, ಆಗ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್, ದಿವಾನರಾದದ್ದು 1912ರಲ್ಲಿ. ಇಂಥ ಒಂದು ತಪ್ಪಿಗಾಗಿ ಇಡೀ ಪುಸ್ತಕವನ್ನು ತಳ್ಳಿಹಾಕುವುದು ಅನ್ಯಾಯ. ಆದರೆ ಲೇಖಕರ ವಾದವೇ ಆ ಸಂಗತಿಯ ಮೇಲೆ ನಿಂತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ನಾಲೆಯ ನೀರು, ಕಬ್ಬಿನ ಬೆಲೆಗಳ ಬಗ್ಗೆ ಬಂದ ಪುಸ್ತಕವಾದರೆ, ಗದ್ದೆ ಮಾಡುವ ನೆಂಟರೊಬ್ಬರಿಗೆ ಆ ಅಧ್ಯಾಯವನ್ನು ಓದಿ ಹೇಳಿ, ಅವರ ಮಾತನ್ನೂ ಬರೆದುಕೊಳ್ಳಿ.

ಪುಸ್ತಕ ಹಿಡಿಸದಿದ್ದರೆ ‘ಬೋರು’ ಎಂದು ಬಿಟ್ಟುಬಿಡಬೇಡಿ; ಎಷ್ಟನೆಯ ಪುಟದಲ್ಲಿ ಆಸಕ್ತಿ ಕುಂದಿತು, ಅದಕ್ಕೆ ಕಾರಣ ಭಾಷೆಯೋ, ಪಾತ್ರವೋ, ಅಥವಾ ಆ ದಿನದ ನಿಮ್ಮ ದಣಿವೋ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಬರೆದದ್ದನ್ನು ಒಂದು ವಾರ ಬದಿಗಿಟ್ಟು, ಗುರುತಿಸಿದ ಪುಟಗಳನ್ನಷ್ಟೇ ಮತ್ತೊಮ್ಮೆ ಓದಿ, ಆಮೇಲೆ ತಿದ್ದಿಕೊಂಡು ಬನ್ನಿ.