ಕುಕ್ಕರ್‌ನಿಂದ ಬೇಳೆನೀರು ಚಿಮ್ಮುತ್ತಾ?

ಈಗಷ್ಟೇ ಒರೆಸಿದ ಸ್ಟವ್. ಎರಡನೇ ಕೂಗಿಗೆ ಅದರ ಮೇಲೆಲ್ಲ ಹಳದಿ ನೀರು! ನನಗೆ ಇದಕ್ಕಿಂತ ಸಿಟ್ಟು ಬರಿಸುವ ವಿಷಯ ಇನ್ನೊಂದಿಲ್ಲ. ವರ್ಷಗಟ್ಟಲೆ ಸುಮ್ನೆ ಕುಕ್ಕರನ್ನು ಬೈದೆ. ತಪ್ಪು ನನ್ನದೇ.

ಬೇಳೆ ಬೇಯುವಾಗ ನೊರೆ ಜಾಸ್ತಿ. ಅದಕ್ಕೇ ನೀರೂ ಸೇರಿ ಕುಕ್ಕರ್ ಅರ್ಧ ದಾಟಬಾರದು. ಬೇಳೆಯನ್ನು ಮೂರ್ನಾಲ್ಕು ಸಲ ತೊಳೆದು, ಒಂದು ಚಮಚ ಎಣ್ಣೆ ಹಾಕಿ. ಆವಿ ಜೋರಾಗಿ ಬಂದ ಮೇಲೆ ವೆಯ್ಟ್ ಇಡಿ. ಮೊದಲ ಕೂಗಿಗೇ ಉರಿ ಸಣ್ಣ ಮಾಡಿ.

ಹಾಂ, ವೆಯ್ಟ್ ಕೂರುವ ಕೊಳವೆಯ ತೂತನ್ನು ದಿನಾ ಬೆಳಕಿಗೆ ಹಿಡಿದು ನೋಡಿ. ನಮ್ಮದರಲ್ಲಿ ಬೇಳೆ ಸಿಕ್ಕಿಕೊಂಡಿತ್ತು. ಕಟ್ಟಿಕೊಂಡರೆ ಅಪಾಯ, ಅಲ್ವಾ?

11 ದಿನದಿಂದ ಸ್ಟವ್ ಫಳಫಳ. ಮನೆಯವರನ್ನು ಕರೆದು ತೋರಿಸಿದೆ. "ಸರಿ, ಸಾರು ಆಯ್ತಾ?" ಅಂದರು.