ಮಾತಂಗ ಬೆಟ್ಟದ ಬೆಳಗನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು

ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವಾಗ ಆಕಾಶ ಉರಿಯುತ್ತದೆ, ಕೆಳಗಿನ ಅಚ್ಯುತರಾಯ ಗುಡಿ ಇನ್ನೂ ಕತ್ತಲಲ್ಲೇ ಇರುತ್ತದೆ. ಒಂದೇ ಕ್ಲಿಕ್ಕಿಗೆ ಎರಡೂ ಸಿಗುವುದಿಲ್ಲ. ಅದಕ್ಕೆ ಕ್ಯಾಮೆರಾ ತಿರುಗಿಸುತ್ತಾ ಬೇರೆ ಬೇರೆ ಬೆಳಕಿನ ಹಲವು ಫೋಟೊ ತೆಗೆದು, ಆಮೇಲೆ ಜೋಡಿಸಿ ಒಂದೇ ಅಗಲ ಚಿತ್ರ (ಪನೋರಮಾ) ಮಾಡಬೇಕು.

ಟ್ರೈಪಾಡ್ ಮಟ್ಟವಾಗಿರಲಿ. ನಾನು ಕ್ಯಾಮೆರಾವನ್ನು ಉದ್ದುದ್ದ (ಪೋರ್ಟ್ರೇಟ್) ನಿಲ್ಲಿಸಿಕೊಳ್ಳುತ್ತೇನೆ, ಮೇಲೆ ಕೆಳಗೆ ಜಾಗ ಜಾಸ್ತಿ ಸಿಗುತ್ತದೆ. ಮ್ಯಾನುಯಲ್ ಮೋಡ್, ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಎಫ್/8 (ಲೆನ್ಸಿನ ಕಿಂಡಿಯ ಅಳತೆ). ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಲಾಕ್ ಮಾಡಿ. ಇದನ್ನು ಮರೆತು ಒಮ್ಮೆ ಇಡೀ ಬೆಳಗು ಕಳೆದುಕೊಂಡೆ: ಆಕಾಶದ ತುಂಬ ಪಟ್ಟೆ ಪಟ್ಟೆ ಬಣ್ಣ!

ಎಡದಿಂದ ಶುರು ಮಾಡಿ, ಒಂದೊಂದೇ ಫ್ರೇಮಿಗೆ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸುತ್ತಾ ಹೋಗಿ. ಪ್ರತಿ ಫ್ರೇಮಿಗೂ ಮೂರು ಫೋಟೊ: ಸರಿಯಾದ ಬೆಳಕಿನದು, ಎರಡು ಸ್ಟಾಪ್ ಕಡಿಮೆ, ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ಶಟರ್ ವೇಗ ಮಾತ್ರ ಬದಲಿಸಿ. ಹಿಂದಿನ ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಇರಲಿ. ಬೇಗ ಮುಗಿಸಿ, ಬೆಳಕು ಬದಲಾಗುತ್ತಲೇ ಇರುತ್ತದೆ ಅಲ್ವಾ?

ಮನೆಯಲ್ಲಿ ಕಂಪ್ಯೂಟರಿನಲ್ಲಿ ಮೊದಲು ಪ್ರತಿ ಫ್ರೇಮಿನ ಮೂರು ಫೋಟೊಗಳನ್ನು ಬೆರೆಸಿ, ಆಮೇಲೆ ಫ್ರೇಮುಗಳನ್ನು ಜೋಡಿಸಿ. ಗುಡಿಯ ನೆರಳನ್ನು ಪೂರ್ತಿ ಬೆಳಗಿಸಬೇಡಿ.